ಕರಡು ಹಾಳೆಯ ಮೇಲೆ ತೇಲಿದ ಸೊನ್ನೆ: ನಡುವಯಸ್ಸಿನ ಕಣ್ಣಿನ ಒಂದು ಪ್ರಕರಣ ಅಧ್ಯಯನ

ಕಣ್ಣೆದುರು ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ತೇಲತೊಡಗಿವೆ ಎಂದು ಹೇಳಿಕೊಂಡು ಕಣ್ಣಿನ ಆಸ್ಪತ್ರೆಗೆ ಬರುವವರಲ್ಲಿ ಹೆಚ್ಚಿನವರು ಐವತ್ತರ ಆಸುಪಾಸಿನವರು, ಇಲ್ಲವೇ ಅದನ್ನು ದಾಟಿದವರು. ಅವರಲ್ಲಿ ಬಹುಪಾಲು ಜನರಿಗೆ ಆಗಿರುವುದು ವಯಸ್ಸಿನೊಡನೆ ಬರುವ ಸಹಜ ಬದಲಾವಣೆ. ಸ್ವಲ್ಪ ಮಂದಿಗೆ ಮಾತ್ರ ಅದೇ ಬದಲಾವಣೆಯಿಂದ ಅಕ್ಷಿಪಟಲ, ಅಂದರೆ ರೆಟಿನಾ, ಹರಿದಿರುತ್ತದೆ. ಅಂಥವರಿಗೆ ಕೆಲವೇ ದಿನಗಳಲ್ಲಿ ದೃಷ್ಟಿ ಹೋಗುವ ಅಪಾಯವಿರುತ್ತದೆ. ಕಷ್ಟವೆಂದರೆ, ಈ ಎರಡೂ ಗುಂಪಿನವರು ತಮ್ಮ ತೊಂದರೆಯನ್ನು ವರ್ಣಿಸುವುದು ಹೆಚ್ಚುಕಡಿಮೆ ಒಂದೇ ಮಾತಿನಲ್ಲಿ. ಇಲ್ಲಿ ದಾಖಲಿಸಿರುವ ಪ್ರಕರಣದಲ್ಲಿ ಒಬ್ಬರೇ ವ್ಯಕ್ತಿ ಆರಂಭದಲ್ಲಿ ಮೊದಲನೆಯ ಗುಂಪಿನಲ್ಲಿದ್ದು, ಕೆಲವೇ ವಾರಗಳಲ್ಲಿ ಎರಡನೆಯ ಗುಂಪಿಗೆ ಸೇರಿದರು. ಒಂದು ಸಲದ ಪರೀಕ್ಷೆ ಸರಿಯಾಗಿ ಬಂದ ಮೇಲೆ ಏನು ನಡೆಯಬೇಕು ಎಂಬುದನ್ನು ಈ ಪ್ರಕರಣ ತೋರಿಸುವಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದನ್ನು ನಾನು ಹತ್ತಿರದಿಂದ ನೋಡಿಲ್ಲ. ಆದ್ದರಿಂದಲೇ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಸಂಬಂಧಪಟ್ಟವರ ಒಪ್ಪಿಗೆ ಪಡೆದಿದ್ದೇನೆ. ಊರು, ಆಸ್ಪತ್ರೆ, ಮನೆತನದ ವಿವರಗಳನ್ನು ಮರೆಮಾಡಿದ್ದೇನೆ. ಕೆಲಸದ ಜಾಗದಲ್ಲಿ ಎಲ್ಲರೂ ಅವರನ್ನು ಕರೆಯುವ ಹಾಗೆ ಇಲ್ಲಿಯೂ ಅಕ್ಕನವರು ಎಂದಷ್ಟೇ ಕರೆಯುತ್ತೇನೆ. ಅವರನ್ನು ಕೊನೆಗೆ ಕಳುಹಿಸಿಕೊಟ್ಟ ರೆಟಿನಾ ವಿಭಾಗದಲ್ಲಿ ನಾನು ದೃಷ್ಟಿ ತಪಾಸಣೆ ಮಾಡುವ ಆಪ್ಟೊಮೆಟ್ರಿಸ್ಟ್ ಆಗಿ ಕೆಲಸ ಮಾಡುತ್ತೇನೆ.

ಹಿನ್ನೆಲೆ

ಅಕ್ಕನವರಿಗೆ ಆಗ 52 ವರ್ಷ. ಉತ್ತರ ಕರ್ನಾಟಕದ ಒಂದು ಊರಿನ ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಅಭಿನಂದನ ಗ್ರಂಥಗಳು, ಮಠಗಳ ಪ್ರಕಟಣೆಗಳು, ದೀಪಾವಳಿ ವಿಶೇಷಾಂಕಗಳು, ಮದುವೆಯ ಹಂಗಾಮಿನಲ್ಲಿ ಲಗ್ನಪತ್ರಿಕೆಗಳು, ಹೀಗೆ ವರ್ಷವಿಡೀ ಅಚ್ಚಿನ ಅಕ್ಷರದ ಮೇಲೆ ಕಣ್ಣು ನೆಟ್ಟುಕೊಂಡೇ ಬದುಕಿದವರು. ಒತ್ತಕ್ಷರ ತಪ್ಪಿದ್ದು, ದೀರ್ಘ ಬಿಟ್ಟುಹೋದದ್ದು, ಸೊನ್ನೆ ಹೆಚ್ಚಾದದ್ದು ಅವರ ಕಣ್ಣಿಗೆ ಬೀಳದೆ ಹೋದದ್ದು ಕಡಿಮೆ ಎಂದು ಅವರ ಜೊತೆಗಾರರು ಹೇಳುತ್ತಾರೆ.

ಹೈಸ್ಕೂಲಿನಿಂದಲೂ ಅವರು ಚಷ್ಮಾ ಹಾಕಿಕೊಂಡವರು. ಎರಡೂ ಕಣ್ಣಿನ ನಂಬರು ಮೈನಸ್ 7ರ ಆಸುಪಾಸು. ಇಷ್ಟು ದೊಡ್ಡ ಮೈನಸ್ ನಂಬರು ಇರುವ ಕಣ್ಣುಗುಡ್ಡೆ ಸಾಮಾನ್ಯಕ್ಕಿಂತ ಉದ್ದವಾಗಿರುತ್ತದೆ. ಸಾಧಾರಣ ಕಣ್ಣಿನ ಉದ್ದ ಸುಮಾರು 24 ಮಿಲಿಮೀಟರ್. ಅದಕ್ಕಿಂತ ಎರಡು ಮೂರು ಮಿಲಿಮೀಟರ್ ಹೆಚ್ಚಾದರೂ ಒಳಗಿನ ರೆಟಿನಾ ಅಷ್ಟರಮಟ್ಟಿಗೆ ಎಳೆಯಲ್ಪಟ್ಟು ಅಂಚುಗಳಲ್ಲಿ ತೆಳುವಾಗುತ್ತದೆ. ಸುಮಾರು 40 ವರ್ಷಗಳ ಕಾಲ ಅಕ್ಕನವರು ನಂಬರು ಬದಲಾದಾಗಲೆಲ್ಲ ಗಾಜು ಬದಲಿಸಿಕೊಂಡಿದ್ದರು. ಆದರೆ ಆ ನಂಬರಿಗೆ ಗಾಜಿನಾಚೆಗೂ ಒಂದು ಅರ್ಥವಿದೆ, ಅಂಥ ಕಣ್ಣಿನ ಒಳಗನ್ನು ಆಗಾಗ ನೋಡಿಸಿಕೊಳ್ಳಬೇಕು ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಇದಕ್ಕೆ ನಮ್ಮ ಕಡೆಯ ಇತಿಹಾಸವೂ ಸ್ವಲ್ಪ ಕಾರಣ. ಬಾಗಲಕೋಟೆ ಸೀಮೆಯ ಬೀಳಗಿಯಿಂದ ಬಂದ ಡಾ. ಎಂ. ಸಿ. ಮೋದಿಯವರು ಊರೂರು ಸುತ್ತಿ ಶಿಬಿರ ನಡೆಸಿ ಅಸಂಖ್ಯ ಜನರ ಪೊರೆ ತೆಗೆದ ನಾಡಿದು. ಅಕ್ಕನವರ ತಾಯಿಗೂ ಇಂಥದೇ ಒಂದು ಶಿಬಿರದಲ್ಲಿ ಶಸ್ತ್ರಚಿಕಿತ್ಸೆಯಾಗಿ ದೃಷ್ಟಿ ಮರಳಿತ್ತು. ಆ ದೊಡ್ಡ ಕೆಲಸದಿಂದಾಗಿ ವಯಸ್ಸಾದವರ ಕಣ್ಣಿನ ತೊಂದರೆ ಎಂದರೆ ಪೊರೆ, ಪೊರೆ ಎಂದರೆ ಬಲಿಯುವವರೆಗೆ ಕಾಯಬಹುದಾದದ್ದು ಎಂಬ ತಿಳಿವಳಿಕೆ ಮನೆಮನೆಯಲ್ಲಿ ಬೇರೂರಿದೆ. ಪೊರೆಯ ಮಟ್ಟಿಗೆ ಆ ಸಾವಧಾನದಿಂದ ಹಾನಿ ಕಡಿಮೆ. ರೆಟಿನಾಗೆ ಅದು ಸಲ್ಲುವುದಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇರಲಿಲ್ಲ. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ ಇತ್ತು. ಕಣ್ಣಿಗೆ ಪೆಟ್ಟು ಬಿದ್ದದ್ದಾಗಲೀ, ಹಿಂದೆ ಶಸ್ತ್ರಚಿಕಿತ್ಸೆಯಾದದ್ದಾಗಲೀ ಇರಲಿಲ್ಲ.

ಮೊದಲ ಕೆಲವು ದಿನಗಳು

ವಿಶೇಷಾಂಕದ ಕೆಲಸ ಜೋರಾಗಿದ್ದ ಅಕ್ಟೋಬರಿನ ಒಂದು ಸಂಜೆ ಅಕ್ಕನವರಿಗೆ ಕರಡಿನ ಒಂದು ಸಾಲಿನಲ್ಲಿ ಇರಬಾರದ ಕಡೆ ಸೊನ್ನೆ ಕಂಡಿತು. ಕೆಂಪು ಪೆನ್ನು ಅಲ್ಲಿಗೆ ತಲುಪುವಷ್ಟರಲ್ಲಿ ಆ ಸೊನ್ನೆ ಮುಂದಿನ ಪದಕ್ಕೆ ಸರಿದಿತ್ತು. ಕಣ್ಣು ಅದನ್ನು ಹಿಂಬಾಲಿಸಿದಾಗ ಹಾಳೆಯ ಅಂಚಿನಾಚೆಗೆ ಜಾರಿತು. ಗಾಜಿನ ಮೇಲಿನ ಕಲೆ ಇರಬೇಕೆಂದು ಚಷ್ಮಾ ಒರೆಸಿದರು. ಒರೆಸಿದ ಮೇಲೂ ಅದು ಇತ್ತು, ಜೊತೆಗೆ ಬಾಲದಂಥ ಒಂದು ಎಳೆ ಸೇರಿತ್ತು. ಆ ರಾತ್ರಿ ಕರೆಂಟು ಹೋದಾಗ ಬಲಗಣ್ಣಿನ ಹೊರ ಅಂಚಿನಲ್ಲಿ ಬೆಳಕಿನ ಒಂದು ಕಮಾನು ಮಿಂಚಿ ಮಾಯವಾಯಿತು. ತಲೆ ಹೊರಳಿಸಿದಾಗಲೆಲ್ಲ ಅದು ಮರುಕಳಿಸಿತು. ನೋವು ಇರಲಿಲ್ಲ, ಕಣ್ಣು ಕೆಂಪಾಗಿರಲಿಲ್ಲ, ಓದಲು ಅಡ್ಡಿಯಿರಲಿಲ್ಲ.

ಮರುದಿನ ಮುದ್ರಣಾಲಯದಲ್ಲಿ ಹೇಳಿಕೊಂಡಾಗ ಬಂದ ಮೊದಲ ಸಲಹೆ, "ಅಕ್ಕಾರ, ಪಿತ್ತ ಆಗಿರಬೇಕ್ರಿ, ಎರಡು ದಿನ ಖಾರ ಬಿಡ್ರಿ" ಎಂಬುದು. ಮನೆಯಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ತೊಂದರೆ ಎಂದುಕೊಂಡರು. ನೆರೆಮನೆಯವರು ನಂದಿಬಟ್ಟಲು ಹೂವನ್ನು ರೆಪ್ಪೆಯ ಮೇಲಿಟ್ಟುಕೊಂಡು ಮಲಗಲು ಹೇಳಿದರು. ಅಕ್ಕನವರು ಹಾಗೆಯೇ ಮಾಡಿದರು. ರೆಪ್ಪೆಯ ಮೇಲಿಟ್ಟ ಹೂವು ತಂಪು ಕೊಡುತ್ತದೆ, ಕೆಡುಕೇನೂ ಇಲ್ಲ. ಆದರೆ ಹೂವಿನ ರಸವನ್ನೋ ಜೇನುತುಪ್ಪವನ್ನೋ ಕಣ್ಣೊಳಗೆ ಬಿಟ್ಟುಕೊಳ್ಳುವವರು ಸೋಂಕನ್ನು ಆಹ್ವಾನಿಸಿದಂತೆ. ಅದೃಷ್ಟವಶಾತ್ ಅವರು ಆ ತನಕ ಹೋಗಲಿಲ್ಲ.

ಮೂರನೆಯ ದಿನ ಅವರು ಚಷ್ಮಾದ ಅಂಗಡಿಗೆ ಹೋದರು. ಅಲ್ಲಿ ಕಂಪ್ಯೂಟರ್ ತಪಾಸಣೆ ಮಾಡಿ, ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿ, ಎರಡೂ ಕಣ್ಣು 6/6, ಅಂದರೆ ಪೂರ್ಣ ದೃಷ್ಟಿ, ಇದೆ, ಕಣ್ಣಿಗೆ ಏನೂ ಆಗಿಲ್ಲ ಎಂದು ಹೇಳಿ ಹೊಸ ಪ್ರೊಗ್ರೆಸ್ಸಿವ್ ಗಾಜಿಗೆ ಅಳತೆ ತೆಗೆದುಕೊಂಡರು. ಅಳತೆ ತಪ್ಪಾಗಿರಲಿಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪಾಗಿತ್ತು. ಅಕ್ಷರಫಲಕ ಅಳೆಯುವುದು ರೆಟಿನಾದ ನಟ್ಟನಡುವಿನ ಮ್ಯಾಕ್ಯುಲಾ ಎಂಬ ಪುಟ್ಟ ಭಾಗದ ಶಕ್ತಿಯನ್ನು ಮಾತ್ರ. ರೆಟಿನಾ ಹರಿಯುವುದು ಸಾಮಾನ್ಯವಾಗಿ ದೂರದ ಅಂಚಿನಲ್ಲಿ. ಅಲ್ಲಿ ಹರಿತ, ಅಂದರೆ ಸೀಳು, ಇದ್ದರೂ ನಡುವಿನ ದೃಷ್ಟಿ 6/6 ಆಗಿಯೇ ಇರಬಲ್ಲದು. ಹೊಸ ಚುಕ್ಕೆ ಮತ್ತು ಮಿಂಚು ಎಂದು ಹೇಳಿಕೊಂಡು ಬಂದವರಿಗೆ ಅಂಗಡಿಯಲ್ಲಿ ಹೇಳಬೇಕಾದ ಮಾತು ಒಂದೇ: ಗಾಜು ಆಮೇಲೆ, ಮೊದಲು ರೆಟಿನಾ ತೋರಿಸಿ. ಈ ಮಾತನ್ನು ಹೇಳಲು ಯಂತ್ರ ಬೇಕಿಲ್ಲ, ಹೇಳದೆ ಹೋದದ್ದಕ್ಕೆ ನೆಪವೂ ಇಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಪ್ರಕರಣದ ಮೊದಲ ತಿರುವು ಬಂದದ್ದು ಅವರ ಕುಟುಂಬ ವೈದ್ಯರಿಂದ. ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು ಹೋದಾಗ ಅಕ್ಕನವರು ಮಾತಿನ ನಡುವೆ ಚುಕ್ಕೆಯ ವಿಷಯ ತೆಗೆದರು. ವೈದ್ಯರು ಎರಡು ಪ್ರಶ್ನೆ ಕೇಳಿದರು. ಮಿಂಚು ಒಂದೇ ಕಣ್ಣಿನಲ್ಲಿ ಕಾಣುತ್ತದೆಯೇ? ಮಿಂಚು ಅಂಕುಡೊಂಕಾಗಿ ಹರಡಿ, ಇಪ್ಪತ್ತು ಮೂವತ್ತು ನಿಮಿಷ ಇದ್ದು, ಆಮೇಲೆ ತಲೆನೋವು ಬರುತ್ತದೆಯೇ? ಎರಡನೆಯದು ಮೈಗ್ರೇನಿನ ಲಕ್ಷಣ. ಅದು ಮಿದುಳಿನಲ್ಲಿ ಹುಟ್ಟುವುದರಿಂದ ಎರಡೂ ಕಣ್ಣಿಗೆ ಕಾಣುತ್ತದೆ. ಅಕ್ಕನವರ ಮಿಂಚು ಕ್ಷಣಮಾತ್ರದ್ದು, ಕತ್ತಲಲ್ಲಿ ಕಾಣುವಂಥದ್ದು, ಬಲಗಣ್ಣಿನದೊಂದೇ. ವೈದ್ಯರು ಸಕ್ಕರೆಯನ್ನೂ ರಕ್ತದೊತ್ತಡವನ್ನೂ ಪರೀಕ್ಷಿಸಿದರು. ಅದು ವ್ಯರ್ಥವಲ್ಲ, ಏಕೆಂದರೆ ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಕಣ್ಣೊಳಗೆ ರಕ್ತಸ್ರಾವವಾದರೂ ಇಂಥದೇ ಚುಕ್ಕೆಗಳು ಕಾಣುತ್ತವೆ. ಎರಡೂ ಹಿಡಿತದಲ್ಲಿದ್ದವು. ಅವರು ಅಷ್ಟಕ್ಕೆ ನಿಲ್ಲದೆ ಒಂದು ಚೀಟಿ ಬರೆದುಕೊಟ್ಟರು: "ಹೊಸದಾಗಿ ಚುಕ್ಕೆ ಮತ್ತು ಮಿಂಚು, ಬಲಗಣ್ಣು, ಹೆಚ್ಚು ಮೈನಸ್. ದಯವಿಟ್ಟು ಪಾಪೆ ಅಗಲಿಸಿ ರೆಟಿನಾ ನೋಡುವುದು." ಈ ಪ್ರಕರಣದಲ್ಲಿ ಅತ್ಯಂತ ಕಡಿಮೆ ಖರ್ಚಿನಲ್ಲಿ ಅತ್ಯಂತ ಹೆಚ್ಚು ಕೆಲಸ ಮಾಡಿದ್ದು ಈ ಚೀಟಿ.

ಪಾಪೆ ಅಗಲಿಸಿದ ಮೇಲೆ

ಅಕ್ಕನವರು ನಮ್ಮಲ್ಲಿಗೆ ಬಂದಾಗ ಮೊದಲ ಚುಕ್ಕೆ ಕಂಡು ಒಂದು ವಾರ ದಾಟಿತ್ತು. ಪಾಪೆ ಅಗಲಿಸುವ ಡ್ರಾಪ್ಸ್ ಕೆಲಸ ಮಾಡಲು ಅರ್ಧ ಗಂಟೆಯಾದರೂ ಬೇಕು. ಆಮೇಲೆ ನಾಲ್ಕಾರು ಗಂಟೆ ಹತ್ತಿರದ್ದು ಮಸುಕಾಗಿ, ಬೆಳಕು ಚುಚ್ಚುತ್ತದೆ. ಗಾಡಿ ಓಡಿಸುವಂತಿಲ್ಲ, ಜೊತೆಗೊಬ್ಬರು ಬೇಕು. ಕೆಲಸದ ಒತ್ತಡದಲ್ಲಿರುವವರು ಈ ಪರೀಕ್ಷೆಯನ್ನು ಮುಂದೂಡಲು ಇಷ್ಟೇ ಸಾಕಾಗುತ್ತದೆ ಎಂಬುದನ್ನು ನಾವು ದಿನಾ ನೋಡುತ್ತೇವೆ. ಅಕ್ಕನವರು ಮುದ್ರಣಾಲಯದ ಹುಡುಗನೊಬ್ಬನನ್ನು ಕರೆದುಕೊಂಡು ಬಂದಿದ್ದರು.

ವೈದ್ಯರು ತಲೆಗೆ ಕಟ್ಟಿಕೊಳ್ಳುವ ದೀಪದ ಉಪಕರಣ ಮತ್ತು ಕೈಯಲ್ಲಿ ಹಿಡಿಯುವ ಮಸೂರದಿಂದ, ರೆಪ್ಪೆಯ ಮೇಲಿಂದ ಮೆಲ್ಲಗೆ ಒತ್ತಿ, ರೆಟಿನಾದ ಅಂಚನ್ನು ಸುತ್ತಲೂ ನೋಡಿದರು. ಬಲಗಣ್ಣಿನಲ್ಲಿ ಕಣ್ಣೊಳಗಿನ ಲೋಳೆಯಾದ ವಿಟ್ರಿಯಸ್ ರೆಟಿನಾದ ಹಿಂಭಾಗದಿಂದ ಬಿಟ್ಟುಕೊಂಡಿತ್ತು. ಹರಿತವಿರಲಿಲ್ಲ, ರಕ್ತವಿರಲಿಲ್ಲ. ಎರಡೂ ಕಣ್ಣಿನ ಅಂಚಿನಲ್ಲಿ ಲ್ಯಾಟಿಸ್ ಎಂದು ಕರೆಯುವ ತೆಳುವಾದ ಪಟ್ಟಿಗಳಿದ್ದವು.

ಏನಾಗಿತ್ತೆಂಬುದನ್ನು ಇಲ್ಲಿ ವಿವರಿಸಬೇಕು. ಕಣ್ಣುಗುಡ್ಡೆಯ ಒಳಗೆ ಸುಮಾರು 4 ಮಿಲಿಲೀಟರಿನಷ್ಟು ಪಾರದರ್ಶಕ ಲೋಳೆ ತುಂಬಿರುತ್ತದೆ; ಅದೇ ವಿಟ್ರಿಯಸ್. ಅದರಲ್ಲಿ ನೂರಕ್ಕೆ 98ರಷ್ಟು ನೀರು, ಉಳಿದದ್ದು ಮುಖ್ಯವಾಗಿ ಕೊಲಾಜನ್ ಎಂಬ ನವಿರಾದ ಎಳೆಗಳ ಜಾಲ ಮತ್ತು ಆ ನೀರನ್ನು ಹಿಡಿದಿಡುವ ಪದಾರ್ಥ. ವಯಸ್ಸಾದಂತೆ, ಹೆಪ್ಪಾದ ಮೊಸರು ಹಳತಾಗಿ ಪಾತ್ರೆಯ ಅಂಚು ಬಿಟ್ಟು ನೀರು ಒಡೆಯುವ ಹಾಗೆ, ಈ ಲೋಳೆಯೂ ಅಲ್ಲಲ್ಲಿ ನೀರಾಗಿ ಕುಗ್ಗಿ ಒಂದು ದಿನ ರೆಟಿನಾದಿಂದ ಬಿಟ್ಟುಕೊಳ್ಳುತ್ತದೆ. ಒಟ್ಟುಗೂಡಿದ ಎಳೆಗಳ ನೆರಳು ರೆಟಿನಾದ ಮೇಲೆ ಬಿದ್ದಾಗ ತೇಲುವ ಚುಕ್ಕೆಗಳು ಕಾಣುತ್ತವೆ. ದೃಷ್ಟಿನರದ ಸುತ್ತ ಅಂಟಿಕೊಂಡಿದ್ದ ಭಾಗ ಕಳಚಿಕೊಂಡರೆ ಅದರ ನೆರಳು ಉಂಗುರದಂತೆ ಕಾಣುವುದುಂಟು; ಅಕ್ಕನವರ ಸೊನ್ನೆ ಇದೇ. ಬಿಟ್ಟುಕೊಳ್ಳುವಾಗ ಲೋಳೆ ರೆಟಿನಾವನ್ನು ಎಳೆಯುತ್ತದೆ. ರೆಟಿನಾಗೆ ನೋವು ತಿಳಿಯುವುದಿಲ್ಲ, ಎಲ್ಲ ಎಳೆತವನ್ನೂ ಅದು ಬೆಳಕೆಂದೇ ವರದಿ ಮಾಡುತ್ತದೆ; ಆ ಬೆಳಕೇ ಮಿಂಚು. ಹೆಚ್ಚು ಮೈನಸ್ ಇರುವವರಲ್ಲಿ ಇದೆಲ್ಲ ಉಳಿದವರಿಗಿಂತ ಕೆಲವು ವರ್ಷ ಮೊದಲೇ ನಡೆಯುತ್ತದೆ.

ಹೀಗೆ ಚುಕ್ಕೆ ಮಿಂಚುಗಳೊಡನೆ ವಿಟ್ರಿಯಸ್ ಬಿಟ್ಟುಕೊಂಡವರಲ್ಲಿ ನೂರಕ್ಕೆ 10ರಿಂದ 15 ಮಂದಿಗೆ, ಲೋಳೆ ಬಿಗಿಯಾಗಿ ಅಂಟಿದ್ದ ಜಾಗದಲ್ಲಿ ರೆಟಿನಾ ಹರಿದಿರುತ್ತದೆ. ಉಳಿದವರಲ್ಲಿ ಹರಿತವಿಲ್ಲವೆಂದು ನೋಡಿ ಕಳುಹಿಸಿದ ಮೇಲೂ ನೂರಕ್ಕೆ ಎರಡು ಮೂರು ಮಂದಿಗೆ ಮುಂದಿನ ಕೆಲವು ವಾರಗಳಲ್ಲಿ ಹೊಸದಾಗಿ ಹರಿಯಬಹುದು, ಏಕೆಂದರೆ ಬಿಟ್ಟುಕೊಳ್ಳುವ ಕ್ರಿಯೆ ಒಂದೇ ದಿನದಲ್ಲಿ ಪೂರ್ತಿಯಾಗುವುದಿಲ್ಲ. ನಾಲ್ಕರಿಂದ ಆರು ವಾರಗಳ ಬಳಿಕ ಇನ್ನೊಮ್ಮೆ ನೋಡಬೇಕೆನ್ನುವುದು ಈ ಕಾರಣಕ್ಕೆ. ಎರಡು ಮೂರು ಎಂಬುದು ಸಣ್ಣ ಸಂಖ್ಯೆ; ಆ ಎರಡು ಮೂರರಲ್ಲಿ ಯಾರು ಇರುತ್ತಾರೆಂಬುದು ಮೊದಲ ದಿನ ಗೊತ್ತಾಗುವುದಿಲ್ಲ.

ಇಲ್ಲಿ ನಡೆದ ಒಂದು ಸಣ್ಣ ಕ್ರಮದ ಬಗ್ಗೆ ಹೆಚ್ಚು ಹೇಳಬೇಕಿದೆ. ವೈದ್ಯರ ಚೀಟಿಯಲ್ಲಿ ವಾಡಿಕೆಯಂತೆ "ರಿವ್ಯೂ 4 ವಾರ / ಎಸ್‌ಒಎಸ್" ಎಂದಿತ್ತು. ತೊಂದರೆಯಾದರೆ ಕೂಡಲೇ ಬನ್ನಿ ಎಂಬುದು ಅದರ ಅರ್ಥವೆಂದು ಆಸ್ಪತ್ರೆಯವರಿಗೆ ಗೊತ್ತು. ಆದರೆ ಯಾವುದು ತೊಂದರೆ? ಈಗಾಗಲೇ ಚುಕ್ಕೆಯೂ ಮಿಂಚೂ ಇರುವವರಿಗೆ ತೊಂದರೆಯಾದರೆ ಬನ್ನಿ ಎಂದರೆ ಅವರು ಯಾವ ದಿನ ಬರಬೇಕು? ಈ ಪ್ರಶ್ನೆ ಎದ್ದ ಮೇಲೆ ನಮ್ಮ ವಿಭಾಗದಲ್ಲಿ ಚೀಟಿಯ ಹಿಂಬದಿಗೆ ಕನ್ನಡದಲ್ಲಿ ಬರೆದುಕೊಡುವ ರೂಢಿ ಬಂದಿತ್ತು. ಅಕ್ಕನವರಿಗೆ ಬರೆದುಕೊಟ್ಟದ್ದು ಹೀಗಿತ್ತು: "ದಿನಾ ಬೆಳಿಗ್ಗೆ ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರ್ ನೋಡಿ. ಚುಕ್ಕೆಗಳು ಒಮ್ಮೆಲೇ ಬಹಳ ಹೆಚ್ಚಾದರೆ, ನಿಂತ ಮಿಂಚು ಮತ್ತೆ ಶುರುವಾದರೆ, ಯಾವುದೇ ಅಂಚಿನಿಂದ ನೆರಳು ಅಥವಾ ಪರದೆ ಬಂದರೆ, ನೋವಿಲ್ಲದಿದ್ದರೂ, ಓದಲು ಬರುತ್ತಿದ್ದರೂ, ಹಬ್ಬವಿದ್ದರೂ, ಅದೇ ದಿನ ಬನ್ನಿ. ಬಾಗಿಲಲ್ಲಿ ಈ ಚೀಟಿ ತೋರಿಸಿ." ಕೊಟ್ಟು ಸುಮ್ಮನಾಗದೆ, ಅದನ್ನು ಅವರ ಮಾತಿನಲ್ಲೇ ತಿರುಗಿ ಹೇಳಿಸಿದೆವು. ವೃತ್ತಿಯ ಅಭ್ಯಾಸದಿಂದಲೋ ಏನೋ, ಅವರು ಚೀಟಿಯಲ್ಲಿದ್ದ ಒಂದು ಕಾಗುಣಿತದ ತಪ್ಪನ್ನೂ ತಿದ್ದಿಕೊಟ್ಟರು.

ಮೂರನೆಯ ವಾರ

ಮಿಂಚು ಕ್ರಮೇಣ ಕಡಿಮೆಯಾಯಿತು. ಅಕ್ಕನವರು ಕೆಲಸಕ್ಕೆ ಮರಳಿದರು. ಪರೀಕ್ಷೆಯಾಗಿ ಮೂರನೆಯ ವಾರ, ಹಬ್ಬಕ್ಕೆ ಎರಡು ದಿನವಿರುವಾಗ, ರಾತ್ರಿ ಊಟದ ಹೊತ್ತಿಗೆ ಬಲಗಣ್ಣಿನ ಎದುರು ಸಣ್ಣ ಸಣ್ಣ ಕಪ್ಪು ಕಣಗಳು ಒಮ್ಮೆಲೇ ಉದುರಿದಂತೆ ಕಂಡವು. ಹಳೆಯ ಸೊನ್ನೆ ಇದ್ದಲ್ಲೇ ಇತ್ತು. ಅವರು ಚೀಟಿಯಲ್ಲಿದ್ದಂತೆ ಎಡಗಣ್ಣು ಮುಚ್ಚಿ ಕ್ಯಾಲೆಂಡರ್ ನೋಡಿದರು. ದಿನಾಂಕಗಳೆಲ್ಲ ಓದಲು ಬಂದವು. ಹಾಳೆಯ ಮೇಲೆ ಮಾತ್ರ ತೆಳುವಾದ ಹೊಗೆ ಕವಿದ ಹಾಗಿತ್ತು. ಬಲಗಣ್ಣು ಮುಚ್ಚಿದಾಗ ಅದೇ ಹಾಳೆ ನಿಚ್ಚಳವಾಗಿತ್ತು. ಎರಡೂ ಕಣ್ಣು ತೆರೆದಿದ್ದರೆ ಈ ವ್ಯತ್ಯಾಸ ಅವರಿಗೆ ತಿಳಿಯುತ್ತಲೇ ಇರಲಿಲ್ಲವೇನೋ, ಏಕೆಂದರೆ ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ.

ಎರಡನೆಯ ತಿರುವು ಇದು. ಮನೆಯಲ್ಲಿ ಅಭಿಪ್ರಾಯ ಒಡೆಯಿತು. ಯಜಮಾನರು, "ಡಾಕ್ಟ್ರು ಏನೂ ಇಲ್ಲ ಅಂದಾರಲ್ಲ, ಹಬ್ಬ ಮುಗೀಲಿ, ಆಮ್ಯಾಲೆ ಹೋಗೂಣು" ಎಂದರು. ಅವರ ಮಾತಿನಲ್ಲಿ ನಿಷ್ಕಾಳಜಿ ಇರಲಿಲ್ಲ. ಮೂರು ವಾರದ ಹಿಂದೆ ದೊಡ್ಡ ಆಸ್ಪತ್ರೆಯಲ್ಲೇ ಹರಿತವಿಲ್ಲವೆಂದು ಹೇಳಿದ್ದರೆಂಬ ನಂಬಿಕೆ ಇತ್ತು. ಪುಣೆಯಲ್ಲಿರುವ ಮಗ ಫೋನಿನಲ್ಲಿ ಚೀಟಿಯನ್ನು ಓದಿಸಿಕೊಂಡು, "ಅವ್ವಾ, ಹಬ್ಬವಿದ್ದರೂ ಅಂತ ಬರದಾರಲ್ಲ, ಮುಂಜಾನೆ ಮೊದಲನೇ ಬಸ್ಸಿಗೆ ಹೋಗು" ಎಂದ. ಅಕ್ಕನವರು ನಸುಕಿನ ಬಸ್ಸು ಹಿಡಿದರು. ಹಿಂದಿನ ಪರೀಕ್ಷೆಯ "ಏನೂ ಇಲ್ಲ" ಎಂಬ ಫಲಿತಾಂಶವೇ ಇಂಥ ಹೊತ್ತಿನಲ್ಲಿ ಅತಿ ದೊಡ್ಡ ಅಡ್ಡಿಯಾಗುತ್ತದೆ ಎಂಬುದನ್ನು ನಾವು ಗಮನಿಸಬೇಕು. ಅದನ್ನು ಮೀರಲು ಅವರಿಗೆ ಧೈರ್ಯಕ್ಕಿಂತ ಹೆಚ್ಚಾಗಿ ನೆರವಾದದ್ದು ಬರಹದಲ್ಲಿದ್ದ ಅಪ್ಪಣೆ.

ಪರೀಕ್ಷೆಯಲ್ಲಿ ವಿಟ್ರಿಯಸ್‌ನ ಮುಂಭಾಗದಲ್ಲಿ ಕಂದು ಬಣ್ಣದ ಕಣಗಳು ತೇಲುತ್ತಿದ್ದವು. ರೆಟಿನಾದ ಕೆಳಗಿನ ಪದರದ ಈ ಕಣಗಳು ಹೊರಗೆ ಬಂದಿವೆಯೆಂದರೆ ಎಲ್ಲೋ ಹರಿದಿದೆ ಎಂದೇ ತಿಳಿಯಬೇಕು, ಹರಿತ ಸಿಗುವವರೆಗೆ ಹುಡುಕಬೇಕು. ಸ್ವಲ್ಪ ರಕ್ತವೂ ಇತ್ತು. ಮೇಲಿನ ಹೊರ ಅಂಚಿನಲ್ಲಿ, ಲ್ಯಾಟಿಸ್ ಪಟ್ಟಿಯ ಬದಿಯಲ್ಲಿ, ಕುದುರೆಯ ಲಾಳದ ಆಕಾರದ ಹರಿತ ಸಿಕ್ಕಿತು. ಅದರ ಸುತ್ತ ತೀರ ಕಿರಿದಾದ ವಲಯದಲ್ಲಿ ನೀರು ರೆಟಿನಾದ ಕೆಳಗೆ ನುಸುಳಿತ್ತು. ಮ್ಯಾಕ್ಯುಲಾ ಅಂಟಿಕೊಂಡೇ ಇತ್ತು. ಫಲಕದ ಮೇಲೆ ಅಕ್ಷರಗಳನ್ನು ಅವರು ಈಗಲೂ 6/9ರವರೆಗೆ ಓದಿದರು.

ಹರಿತ ಹುಡುಕುವುದಕ್ಕೆ ಇಷ್ಟು ಮಹತ್ವ ಬಂದದ್ದು ಸುಮಾರು ನೂರು ವರ್ಷಗಳ ಹಿಂದೆ. ಸ್ವಿಟ್ಜರ್ಲೆಂಡಿನ ಲೋಸಾನ್ ನಗರದ ವೈದ್ಯ ಜೂಲ್ ಗೋನ್ಯಾ 1920ರ ದಶಕದಲ್ಲಿ, ರೆಟಿನಾ ಕಳಚಿಕೊಳ್ಳುವುದಕ್ಕೆ ಕಾರಣ ಅದರಲ್ಲಿ ಆದ ತೂತು, ಆ ತೂತನ್ನು ಮುಚ್ಚಿದರೆ ರೆಟಿನಾ ಮತ್ತೆ ಅಂಟುತ್ತದೆ ಎಂದು ತೋರಿಸಿಕೊಟ್ಟರು. ಅಲ್ಲಿಯವರೆಗೆ ಈ ಕಾಯಿಲೆ ಬಂದ ಕಣ್ಣು ಹೋಯಿತೆಂದೇ ಲೆಕ್ಕ. ಇಂದಿನ ಲೇಸರ್ ಚಿಕಿತ್ಸೆಯ ತಿರುಳೂ ಅದೇ: ಹರಿತದ ಸುತ್ತ ಸಾಲುಸಾಲಾಗಿ ಸಣ್ಣ ಸುಟ್ಟ ಗುರುತುಗಳನ್ನು ಮಾಡಿ, ಅವು ಮಾಯುವಾಗ ರೆಟಿನಾ ಕೆಳಪದರಕ್ಕೆ ಬೆಸೆದುಕೊಳ್ಳುವಂತೆ ಮಾಡುವುದು. ಲಕ್ಷಣಗಳೊಡನೆ ಬಂದ ಲಾಳದ ಹರಿತವನ್ನು ಹಾಗೆಯೇ ಬಿಟ್ಟರೆ ಸುಮಾರು ಅರ್ಧದಷ್ಟು ಜನರಲ್ಲಿ ರೆಟಿನಾ ಕಳಚಿಕೊಳ್ಳುತ್ತದೆ. ಸಕಾಲದಲ್ಲಿ ಲೇಸರ್ ಮಾಡಿದರೆ ಅದು ನೂರಕ್ಕೆ ಐದರ ಆಸುಪಾಸಿಗೆ ಇಳಿಯುತ್ತದೆ.

ಚಿಕಿತ್ಸೆ ಅದೇ ದಿನ ಹೊರರೋಗಿ ವಿಭಾಗದಲ್ಲೇ, ಮರಗಟ್ಟುವ ಡ್ರಾಪ್ಸ್ ಹಾಕಿ ನಡೆಯಿತು. ಅದಕ್ಕೆ ಮುಂಚೆ ನಡೆದ ಮಾತು ನನಗೆ ಸರಿಯಾಗಿ ನೆನಪಿದೆ. "ಲೇಸರ್ ಮಾಡಿದ ಮ್ಯಾಲೆ ಈ ಚುಕ್ಕಿ ಹೋಗ್ತಾವೇನ್ರಿ?" ಎಂದು ಅಕ್ಕನವರು ಕೇಳಿದರು. "ಚುಕ್ಕಿ ಹೋಗೂದಿಲ್ರಿ. ಕಣ್ಣು ಉಳಿಸಲಿಕ್ಕೆ ಮಾಡೂದು ಇದು" ಎಂದು ವೈದ್ಯರು ನೇರವಾಗಿ ಹೇಳಿದರು. ಈ ಮಾತನ್ನು ಮೊದಲೇ ಹೇಳದಿದ್ದರೆ, ಚಿಕಿತ್ಸೆ ಯಶಸ್ವಿಯಾದ ಮೇಲೂ ಅದು ಸೋತಿತೆಂದು ರೋಗಿ ತಿಳಿಯುತ್ತಾರೆ.

ಬೆಸುಗೆ ಗಟ್ಟಿಯಾಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟು ದಿನ ಭಾರ ಎತ್ತುವುದು, ಕುಲುಕುವ ದಾರಿಯಲ್ಲಿ ಗಾಡಿ ಪ್ರಯಾಣ ಬೇಡವೆಂದು ತಿಳಿಸಲಾಯಿತು. ಒಂದು ವಾರದ ಬಳಿಕ, ಮತ್ತೆ ಒಂದು ತಿಂಗಳ ಬಳಿಕ ನೋಡಿದಾಗ ಹರಿತದ ಸುತ್ತ ಗುರುತುಗಳು ಪೂರ್ತಿಯಾಗಿ ಬಿಗಿದಿದ್ದವು. ನೀರು ಅವುಗಳನ್ನು ದಾಟಿರಲಿಲ್ಲ. ದೃಷ್ಟಿ 6/6ಕ್ಕೆ ಮರಳಿತು.

ಹಬ್ಬ ಮುಗಿಯುವವರೆಗೆ ಕಾದಿದ್ದರೆ ಏನಾಗುತ್ತಿತ್ತು ಎಂದು ಖಚಿತವಾಗಿ ಹೇಳಲಾಗದು. ಆದರೆ ಮೇಲಿನ ಅಂಚಿನ ಹರಿತದಲ್ಲಿ ನೀರು ತನ್ನ ಭಾರದಿಂದಲೇ ಕೆಳಗಿಳಿದು ಮ್ಯಾಕ್ಯುಲಾ ಕಡೆಗೆ ಬೇಗ ಸರಿಯುತ್ತದೆ. ಮ್ಯಾಕ್ಯುಲಾ ಒಮ್ಮೆ ಕಳಚಿಕೊಂಡರೆ ಶಸ್ತ್ರಚಿಕಿತ್ಸೆಯಿಂದ ರೆಟಿನಾ ಅಂಟಿದರೂ ಓದುವ ದೃಷ್ಟಿ ಮೊದಲಿನಂತಾಗುವ ಭರವಸೆ ಇರುವುದಿಲ್ಲ. ಆ ಶಸ್ತ್ರಚಿಕಿತ್ಸೆಯೂ ಸಣ್ಣದಲ್ಲ: ವಿಟ್ರಿಯಸ್ ತೆಗೆದು ಕಣ್ಣೊಳಗೆ ಅನಿಲವನ್ನೋ ಸಿಲಿಕೋನ್ ಎಣ್ಣೆಯನ್ನೋ ತುಂಬುವುದು, ದಿನಗಟ್ಟಲೆ ಹೇಳಿದ ಭಂಗಿಯಲ್ಲೇ ತಲೆ ಇಟ್ಟುಕೊಳ್ಳುವುದು, ಅನಿಲ ಕರಗುವವರೆಗೆ ವಿಮಾನ ಹತ್ತದಿರುವುದು, ಎಣ್ಣೆಯಾದರೆ ಅದನ್ನು ತೆಗೆಯಲು ಕೆಲವು ತಿಂಗಳ ಬಳಿಕ ಇನ್ನೊಂದು ಶಸ್ತ್ರಚಿಕಿತ್ಸೆ. ಕಣ್ಣಿನಿಂದಲೇ ಅನ್ನ ದುಡಿಯುವವರಿಗೆ ಇದರ ಅರ್ಥ ಬೇರೆ ಹೇಳಬೇಕಿಲ್ಲ.

ಉಳಿದ ಚುಕ್ಕೆಗಳೊಂದಿಗೆ

ವೈದ್ಯಕೀಯ ದಾಖಲೆ ಇಲ್ಲಿಗೆ ಮುಗಿಯುತ್ತದೆ. ಅಕ್ಕನವರ ಕಷ್ಟ ಮುಗಿಯಲಿಲ್ಲ. ರಕ್ತದ ಕಣಗಳು ಕೆಲವು ವಾರಗಳಲ್ಲಿ ಕರಗಿದವು, ಆದರೆ ಸೊನ್ನೆ ಮತ್ತು ಅದರ ಬಾಲ ಉಳಿದವು. ಬಿಳಿ ಹಾಳೆ, ತಿಳಿ ಆಕಾಶ, ಕಂಪ್ಯೂಟರಿನ ಪರದೆ, ಸುಣ್ಣ ಬಳಿದ ಗೋಡೆ, ಎಲ್ಲೆಲ್ಲೂ ಅವೇ. ಅದಕ್ಕಿಂತ ಹೆಚ್ಚಾಗಿ ಕಾಡಿದ್ದು ಭಯ. ಬೆಳಿಗ್ಗೆ ಒಂದು ಸಲ ನೋಡಿ ಎಂದದ್ದನ್ನು ಅವರು ದಿನವಿಡೀ ನೋಡತೊಡಗಿದರು. ಕಣ್ಣು ಮುಚ್ಚುವುದು, ತೆರೆಯುವುದು, ಚುಕ್ಕೆ ಎಣಿಸುವುದು. ನಿದ್ದೆ ಕೆಟ್ಟಿತು. ಕಣ್ಣು ಉಳಿದ ಮೇಲೂ ಬದುಕು ಕುಗ್ಗುವುದು ಹೀಗೆ. ಪರೀಕ್ಷೆಯ ಕೋಣೆಯಲ್ಲಿ ನಾವು ಇದನ್ನು ವಿಚಾರಿಸುವುದು ಕಡಿಮೆ ಎಂಬ ಕೊರಗು ನನಗಿದೆ.

ಮೊದಲು ಮಾಡಿದ್ದು ನೋಡಿಕೊಳ್ಳುವಿಕೆಗೆ ಮಿತಿ ಹಾಕಿದ್ದು. ಹಲ್ಲುಜ್ಜಿದ ಮೇಲೆ ಒಂದೇ ಸಲ, ಕ್ಯಾಲೆಂಡರ್ ಎದುರು, ಒಂದೊಂದೇ ಕಣ್ಣು. ಎಣಿಕೆ ಬೇಡ, ನಿನ್ನೆಗಿಂತ ಒಮ್ಮೆಲೇ ಹೆಚ್ಚಾಗಿದೆಯೇ, ನೆರಳಿದೆಯೇ ಎಂಬೆರಡೇ ಪ್ರಶ್ನೆ. ಉತ್ತರ ಇಲ್ಲವೆಂದಾದರೆ ಆ ದಿನದ ಮಟ್ಟಿಗೆ ಮುಗಿಯಿತು.

ಕೆಲಸದ ಜಾಗದಲ್ಲಿ ಮಾಡಿಕೊಂಡ ಬದಲಾವಣೆಗಳಿಗೆ ಬೆಳಕಿನ ಲೆಕ್ಕಾಚಾರವೇ ಆಧಾರ. ಪ್ರಖರ ಬೆಳಕಿನಲ್ಲಿ ಪಾಪೆ ಕಿರಿದಾಗುತ್ತದೆ. ಪಾಪೆ ಕಿರಿದಾದಷ್ಟೂ ಒಳಗಿನ ಎಳೆಗಳ ನೆರಳು ಸ್ಪಷ್ಟವಾಗುತ್ತದೆ. ಅದಕ್ಕಾಗಿ ಅವರ ಮೇಜನ್ನು ಕಿಟಕಿಯ ಎದುರಿನಿಂದ ತೆಗೆದು ಬದಿಗೆ ಹಾಕಲಾಯಿತು. ಕರಡನ್ನು ಅಚ್ಚ ಬಿಳಿ ಹಾಳೆಯ ಬದಲು ತುಸು ಹಳದಿ ಛಾಯೆಯ ಹಾಳೆಯಲ್ಲಿ ತೆಗೆಯತೊಡಗಿದರು. ಪರದೆಯ ಬೆಳಕನ್ನು ತಗ್ಗಿಸಿ, ಫೋನನ್ನು ಕಪ್ಪು ಹಿನ್ನೆಲೆಗೆ ಬದಲಿಸಿದರು. ಬಿಸಿಲಿಗೆ ತಂಪು ಕನ್ನಡಕ. ಚುಕ್ಕೆ ಸರಿಯಾಗಿ ಅಕ್ಷರದ ಮೇಲೆ ಕುಳಿತಾಗ ಕಣ್ಣನ್ನು ಒಮ್ಮೆ ಮೇಲೆ, ಒಮ್ಮೆ ಕೆಳಗೆ ಬೇಗನೆ ಹೊರಳಿಸಿದರೆ ಒಳಗಿನ ದ್ರವ ಕದಡಿ ಚುಕ್ಕೆ ಪಕ್ಕಕ್ಕೆ ಸರಿಯುತ್ತದೆ ಎಂಬುದನ್ನು ಅವರೇ ಕಂಡುಕೊಂಡರು. ನಾವು ಈಗ ಇದನ್ನು ಬೇರೆಯವರಿಗೂ ಹೇಳುತ್ತೇವೆ.

ಆದರೂ ಒಂದು ತಪ್ಪು ನುಸುಳಿತು. ಒಂದು ಗ್ರಂಥದಲ್ಲಿ "ಅಂಗಡಿ" ಎಂದು ಸರಿಯಾಗಿಯೇ ಇದ್ದದ್ದನ್ನು, ಆ ಸೊನ್ನೆ ತನ್ನ ಕಣ್ಣಿನದೆಂದು ತಿಳಿದು ಅವರು ಹೊಡೆದುಹಾಕಿದ್ದರು. ಹಾವೇರಿ ಜಿಲ್ಲೆಯಲ್ಲಿ ಅಗಡಿ ಎಂಬ ಊರೇ ಇರುವುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಚ್ಚಿಗೆ ಹೋಗುವ ಮುನ್ನ ಲೇಖಕರೇ ಗುರುತಿಸಿದರು. ಈ ಘಟನೆಯಿಂದ ಅಕ್ಕನವರು ಬಹಳ ನೊಂದು ಕೆಲಸ ಬಿಡುವ ಮಾತಾ‌ಡಿದರು. ಮುದ್ರಣಾಲಯದ ಮಾಲೀಕರು ಒಪ್ಪಲಿಲ್ಲ. ಸಂಶಯವಿದ್ದ ಕಡೆ ತಿದ್ದದೆ ಪೆನ್ಸಿಲಿನಲ್ಲಿ ಗೆರೆ ಹಾಕುವುದು, ಅಂಥ ಜಾಗಗಳನ್ನು ಇನ್ನೊಬ್ಬರು ನೋಡುವುದು ಎಂಬ ವ್ಯವಸ್ಥೆ ಮಾಡಿಕೊಂಡರು. ಅಚ್ಚಿನ ಸೊನ್ನೆ ಕಣ್ಣು ಕದಲಿದಾಗ ಕದಲುವುದಿಲ್ಲ, ಕಣ್ಣಿನ ಸೊನ್ನೆ ಕದಲುತ್ತದೆ. ಸಂಶಯ ಬಂದ ಅಕ್ಷರದ ಮೇಲೆ ಹೀಗೆ ಒಮ್ಮೆ ಕಣ್ಣು ಆಡಿಸಿ ನೋಡುವುದು ಕೆಲವೇ ತಿಂಗಳಲ್ಲಿ ಅವರಿಗೆ ಅಭ್ಯಾಸವಾಯಿತು.

ಚುಕ್ಕೆಗಳನ್ನೇ ತೆಗೆಸಿಬಿಡಬಾರದೇ ಎಂಬ ಪ್ರಶ್ನೆಯೂ ಬಂತು. ದಾರಿಗಳು ಎರಡಿವೆ. ಚುಕ್ಕೆಯನ್ನು ಇನ್ನೊಂದು ಬಗೆಯ ಲೇಸರ್‌ನಿಂದ ಒಡೆಯುವುದು ಒಂದು. ಅದರ ಪ್ರಯೋಜನಕ್ಕೆ ಗಟ್ಟಿ ಆಧಾರ ಇನ್ನೂ ಕಡಿಮೆ. ವಿಟ್ರಿಯಸ್ ಅನ್ನೇ ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ಇನ್ನೊಂದು. ಅದು ಚುಕ್ಕೆಗಳನ್ನು ನಿಜವಾಗಿಯೂ ಹೋಗಲಾಡಿಸುತ್ತದೆ, ಆದರೆ ಆ ವಯಸ್ಸಿನವರಲ್ಲಿ ಪೊರೆ ಬೇಗ ಬೆಳೆಯುವಂತೆ ಮಾಡುತ್ತದೆ, ಅಪರೂಪಕ್ಕೆ ಹೊಸ ಹರಿತಕ್ಕೂ ಸೋಂಕಿಗೂ ದಾರಿಯಾಗುತ್ತದೆ. ಡ್ರಾಪ್ಸ್, ಮಾತ್ರೆ, ಕಣ್ಣಿನ ವ್ಯಾಯಾಮ ಎಂದು ಮಾರುವ ಯಾವುದೂ ಚುಕ್ಕೆಗಳನ್ನು ಕರಗಿಸುವುದಿಲ್ಲ. ಈಗಷ್ಟೇ ಹರಿತ ಮುಚ್ಚಿಸಿಕೊಂಡ, ಓದಬಲ್ಲ ಕಣ್ಣಿಗೆ ಶಸ್ತ್ರಚಿಕಿತ್ಸೆಯ ಅಪಾಯ ತಂದುಕೊಳ್ಳುವುದಕ್ಕೆ ವೈದ್ಯರು ಉತ್ಸುಕರಾಗಿರಲಿಲ್ಲ. ಆರು ತಿಂಗಳು ನೋಡೋಣ ಎಂದು ತೀರ್ಮಾನವಾಯಿತು. ಆರು ತಿಂಗಳ ಬಳಿಕ ಕೇಳಿದಾಗ ಅಕ್ಕನವರು, ಸೊನ್ನೆ ಇದೆ, ಆದರೆ ನೋಡಬೇಕೆಂದುಕೊಂಡಾಗ ಮಾತ್ರ ಕಾಣುತ್ತದೆ ಎಂದರು. ಬಿಟ್ಟುಕೊಂಡ ಲೋಳೆ ಮುಂದಕ್ಕೆ ಸರಿದಂತೆ ನೆರಳು ಮಸುಕಾಗುವುದೂ, ಮಿದುಳು ಅದನ್ನು ಬದಿಗಿಡಲು ಕಲಿಯುವುದೂ ಸೇರಿ ಹೆಚ್ಚಿನವರಲ್ಲಿ ಹೀಗಾಗುತ್ತದೆ. ಎಲ್ಲರಲ್ಲೂ ಆಗುವುದಿಲ್ಲ, ಆಗದವರ ದೂರನ್ನು ಮನಸ್ಸಿನ ಭ್ರಮೆಯೆಂದು ತಳ್ಳಿಹಾಕುವುದು ಅನ್ಯಾಯ.

ಎಡಗಣ್ಣು

ಒಂದು ಕಣ್ಣಿನಲ್ಲಿ ವಿಟ್ರಿಯಸ್ ಬಿಟ್ಟುಕೊಂಡವರಿಗೆ ಇನ್ನೊಂದರಲ್ಲಿಯೂ ಕೆಲವು ವರ್ಷಗಳೊಳಗೆ ಹಾಗಾಗುವ ಸಂಭವ ಹೆಚ್ಚು. ಅಕ್ಕನವರ ಎಡಗಣ್ಣಿನಲ್ಲೂ ಲ್ಯಾಟಿಸ್ ಪಟ್ಟಿಗಳಿವೆ. ಅವಕ್ಕೂ ಮುಂಚಿತವಾಗಿ ಲೇಸರ್ ಮಾಡಿಬಿಡಿ ಎಂದು ಮಗ ಕೇಳಿಕೊಂಡ. ಲ್ಯಾಟಿಸ್ ಜನಸಾಮಾನ್ಯರಲ್ಲಿ ನೂರಕ್ಕೆ ಎಂಟರಷ್ಟು ಮಂದಿಗೆ ಇರುತ್ತದೆ, ಅವರಲ್ಲಿ ಬಹುಪಾಲು ಜನರ ರೆಟಿನಾ ಎಂದೂ ಕಳಚಿಕೊಳ್ಳುವುದಿಲ್ಲ. ಲಕ್ಷಣವಿಲ್ಲದ ಪಟ್ಟಿಗೆ ಲೇಸರ್ ಮಾಡಿದರೂ ಹರಿತ ಬೇರೊಂದು ಜಾಗದಲ್ಲಿ ಆಗಬಹುದು. ಆದರೆ ಒಂದು ಕಣ್ಣು ಈಗಾಗಲೇ ಹರಿದಿರುವವರ ವಿಷಯದಲ್ಲಿ ವೈದ್ಯರ ನಡುವೆ ಅಭಿಪ್ರಾಯಭೇದವಿದೆ ಎಂಬುದನ್ನೂ ಮುಚ್ಚಿಡದೆ ಹೇಳಲಾಯಿತು. ಅಕ್ಕನವರೇ ಯೋಚಿಸಿ, ಸದ್ಯಕ್ಕೆ ಲೇಸರ್ ಬೇಡ, ವರ್ಷಕ್ಕೊಮ್ಮೆ ಪಾಪೆ ಅಗಲಿಸಿ ತೋರಿಸುತ್ತೇನೆ, ಚುಕ್ಕೆಯೋ ಮಿಂಚೋ ಕಂಡರೆ ಅದೇ ದಿನ ಬರುತ್ತೇನೆ ಎಂದರು. ಬಲಗಣ್ಣಿಗೆ ಬರೆದುಕೊಟ್ಟಿದ್ದ ಸೂಚನೆಯನ್ನೇ ಎಡಗಣ್ಣಿಗೂ ಅನ್ವಯಿಸಿ ಹೊಸ ಚೀಟಿ ಕೊಡಲಾಗಿದೆ. ಅದೇ ಮೈನಸ್ ನಂಬರನ್ನು ಪಡೆದಿರುವ ಮಗನೂ ಪುಣೆಯಲ್ಲಿ ತನ್ನ ರೆಟಿನಾ ತೋರಿಸಿಕೊಂಡಿದ್ದಾನೆ.